ಪಿಡಿಎಫ್ ಒಳಗಿನ ಫೋಟೋನ ಇದ್ದ ಹಾಗೇ ಹೊರಗೆ ತೆಗೆಯೋದು ಹೇಗೆ

ಕಳೆದ ತಿಂಗಳು ನಮ್ಮ ಸಂಘದ ಸ್ಮರಣ ಸಂಚಿಕೆಯ ಮೊದಲ ಪ್ರೂಫ್ ಲೋವರ್ ಪರೇಲ್‌ನ ಪ್ರೆಸ್ಸಿಂದ ಬಂತು. ಅದನ್ನ ಬ್ಯಾಗಲ್ಲಿ ಹಾಕ್ಕೊಂಡು ಡೊಂಬಿವಿಲಿಗೆ ತಂದು ದೊಡ್ಡಮ್ಮನಿಗೆ ತೋರಿಸ್ದೆ. ಹನ್ನೆರಡನೇ ಪುಟದಲ್ಲಿ 1978ರ ರಾತ್ರಿ ಶಾಲೆಯ ಗ್ರೂಪ್ ಫೋಟೋ ಉಂಟು. ದೊಡ್ಡಪ್ಪ ಫೋರ್ಟಿನ ಒಂದು ಹೋಟ್ಲಲ್ಲಿ ಹಗಲೆಲ್ಲ ಕೆಲಸ ಮಾಡಿ ರಾತ್ರಿ ಅದೇ ಕನ್ನಡ ಶಾಲೆಯಲ್ಲಿ ಕಲ್ತವರು, ಫೋಟೋದಲ್ಲಿ ಎರಡನೇ ಸಾಲಲ್ಲಿ ನಿಂತಿದ್ದಾರೆ. ದೊಡ್ಡಮ್ಮ ಕನ್ನಡಕ ಸರಿ ಮಾಡ್ಕೊಂಡು ತುಂಬ ಹೊತ್ತು ನೋಡಿದ್ರು, ಆಮೇಲೆ "ಇದ್ರಲ್ಲಿ ಅವ್ರು ಯಾರು ಮಗಾ?" ಅಂತ ಕೇಳಿದ್ರು. ಕಣ್ಣು ಮೂಗು ಎಲ್ಲ ಒಂದರೊಳಗೊಂದು ಕಲಸಿ ಹೋಗಿ ಮುಖ ಇರೋ ಜಾಗದಲ್ಲಿ ಬರೀ ಬೂದು ಚೌಕಗಳು ಇದ್ವು ಮಾರಾಯ್ರೆ, ನನಗೂ ಯಾರು ಅಂತ ಹೇಳ್ಲಿಕ್ಕೆ ಆಗ್ಲಿಲ್ಲ.

ಆ ಫೋಟೋದ ಮೂಲ ಪ್ರಿಂಟ್ ಈಗ ಎಲ್ಲೂ ಇಲ್ಲ. ಸಂಘದ ಹಳೇ ಆಲ್ಬಮ್‌ಗಳೆಲ್ಲ ಕುರ್ಲಾದಲ್ಲಿ ನೆಲಮಾಳಿಗೆಯ ಒಂದು ಕಪಾಟಲ್ಲಿದ್ವು, 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಅವತ್ತು ಮೀಠಿ ನದಿ ನೀರು ಒಳಗೆ ಬಂದು ಎಲ್ಲ ಹೋಯ್ತು. ಉಳಿದದ್ದು ಒಂದು ಸಿಡಿ, ಅದರಲ್ಲಿ 2003ರ ಸಂಚಿಕೆಯನ್ನ ಪ್ರೆಸ್ಸಿಗೆ ಕಳಿಸಿದ ಪಿಡಿಎಫ್ ಇತ್ತು. ಅಂದ್ರೆ ನಮ್ಮ ಹಿರಿಯರ ಮುಖಗಳು ಇವತ್ತು ಉಳಿದಿರೋದು ಆ ಒಂದು ಫೈಲಲ್ಲಿ ಮಾತ್ರ. ಈ ಸಲ ಲೇಔಟ್ ಮಾಡಿದ ಹುಡುಗ ಆ ಪಿಡಿಎಫ್‌ನ ಸ್ಕ್ರೀನಲ್ಲಿ ಓಪನ್ ಮಾಡಿ, ಸ್ಕ್ರೀನ್‌ಶಾಟ್ ಹೊಡೆದು, ಕ್ರಾಪ್ ಮಾಡಿ, ಹೊಸ ಪುಟಕ್ಕೆ ಅಂಟಿಸಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ, ನೂರಕ್ಕೆ ತೊಂಬತ್ತು ಜನ ಮಾಡೋದೇ ಅದು, ಬೇರೆ ದಾರಿ ಉಂಟು ಅಂತ ಯಾರೂ ಹೇಳಿಕೊಟ್ಟಿರೋದಿಲ್ಲ. ಅದನ್ನ ಹೇಳ್ಲಿಕ್ಕೇ ಇದನ್ನ ಬರೀತಿದ್ದೇನೆ, ಯಾಕಂದ್ರೆ ಮುಂಬೈಲಿ ಇರೋ ಎಷ್ಟೋ ಕನ್ನಡ ಸಂಘಗಳ ಹಳೇ ಫೋಟೋಗಳು ಹೀಗೇ ಯಾವುದೋ ಪಿಡಿಎಫ್ ಒಳಗೆ ಕೂತಿರ್ತಾವೆ.

ಸಂಘದ ಹಾಲಲ್ಲಿ ಗೋಡೆ ಮೇಲೆ ಫ್ರೇಮ್ ಹಾಕಿದ ಫೋಟೋ ಇರ್ತದಲ್ವಾ, ಅದರ ಕಾಪಿ ಬೇಕಾದ್ರೆ ಎರಡು ದಾರಿ. ಒಂದು, ಹತ್ತು ಅಡಿ ದೂರ ನಿಂತು ಮೊಬೈಲಲ್ಲಿ ಫ್ರೇಮಿನ ಫೋಟೋ ತೆಗೆಯೋದು. ಗಾಜಿನ ಹೊಳಪು, ಟ್ಯೂಬ್‌ಲೈಟಿನ ಪ್ರತಿಬಿಂಬ, ನಿಮ್ಮ ಕೈ ನಡುಕ ಎಲ್ಲ ಸೇರಿ ಬರ್ತದೆ. ಇನ್ನೊಂದು, ಫ್ರೇಮ್ ಕೆಳಗಿಳಿಸಿ, ಹಿಂದಿನ ಮೊಳೆ ಬಿಚ್ಚಿ, ಒಳಗಿನ ಪ್ರಿಂಟನ್ನೇ ಕೈಗೆ ತಗೊಳ್ಳೋದು. ಸ್ಕ್ರೀನ್‌ಶಾಟ್ ಮೊದಲನೇ ದಾರಿ. ಪಿಡಿಎಫ್‌ನಿಂದ ಇಮೇಜ್ ಎಕ್ಸ್‌ಟ್ರಾಕ್ಟ್ ಮಾಡೋದು ಎರಡನೇ ದಾರಿ.

ಲೆಕ್ಕ ಹಾಕಿ ನೋಡಿ. ಎ4 ಪುಟ ಸುಮಾರು 11.7 ಇಂಚು ಎತ್ತರ. ಎಷ್ಟೋ ಹಳೇ ಲ್ಯಾಪ್‌ಟಾಪ್‌ಗಳ ಸ್ಕ್ರೀನ್ 1366ಕ್ಕೆ 768 ಪಿಕ್ಸೆಲ್, ಮೇಲಿನ ಕೆಳಗಿನ ಪಟ್ಟಿ ಎಲ್ಲ ಕಳೆದ್ರೆ ಇಡೀ ಪುಟಕ್ಕೆ ಸಿಗೋದು ಒಂದು 600 ಪಿಕ್ಸೆಲ್ ಎತ್ತರ. ಅಂದ್ರೆ ಒಂದು ಇಂಚಿಗೆ 51 ಪಿಕ್ಸೆಲ್. ನಮ್ಮ ಗ್ರೂಪ್ ಫೋಟೋ ಪುಟದಲ್ಲಿ 7 ಇಂಚು ಅಗಲ, ಹಾಗಾಗಿ ಸ್ಕ್ರೀನ್‌ಶಾಟಲ್ಲಿ ಅದಕ್ಕೆ ಸಿಕ್ಕಿದ್ದು ಸುಮಾರು 360 ಪಿಕ್ಸೆಲ್ ಅಗಲ, 240 ಎತ್ತರ. ಫೈಲಿನ ಒಳಗೆ ಅದೇ ಫೋಟೋ ಎಷ್ಟಿತ್ತು ಗೊತ್ತುಂಟಾ? 2100ಕ್ಕೆ 1400. ಗುಣಿಸಿದ್ರೆ ಒಂದರಲ್ಲಿ 86 ಸಾವಿರ ಚಿಲ್ಲರೆ ಚುಕ್ಕಿ, ಇನ್ನೊಂದರಲ್ಲಿ 29 ಲಕ್ಷದ 40 ಸಾವಿರ. 34 ಪಟ್ಟು ವ್ಯತ್ಯಾಸ. ದೊಡ್ಡಪ್ಪನ ಮುಖ ಆ ಬಾಕಿ 33 ಪಾಲಲ್ಲಿ ಉಳ್ಕೊಂಡಿತ್ತು.

ಜೂಮ್ ಮಾಡಿ ಸ್ಕ್ರೀನ್‌ಶಾಟ್ ತೆಗೆದ್ರೆ ಆಗ್ತದಲ್ಲ ಅಂತ ಕೇಳ್ತೀರಿ. ಸ್ವಲ್ಪ ಸುಧಾರಿಸ್ತದೆ, ಆದ್ರೂ ನೀವು ಜೂಮ್ ಮಾಡಿದ ಅಳತೆಗೂ ಫೋಟೋದ ನಿಜವಾದ ಪಿಕ್ಸೆಲ್‌ಗೂ ತಾಳೆ ಆಗೋದಿಲ್ಲ, ಸಾಫ್ಟ್‌ವೇರ್ ಅಕ್ಕಪಕ್ಕದ ಚುಕ್ಕಿಗಳನ್ನ ಕಲಸಿ ಸರಾಸರಿ ತೆಗೆದು ಹೊಸ ಚುಕ್ಕಿ ಮಾಡ್ತದೆ. ಪಿಡಿಎಫ್‌ನ ಪುಟಗಳನ್ನೇ ಜೆಪೆಗ್ ಮಾಡಿಕೊಡುವ ಸೈಟುಗಳೂ ಮಾಡೋದು ಇದೇ ಕೆಲಸ, ಪುಟವನ್ನ ಮತ್ತೆ ಬಿಡಿಸಿ ಅದರ ಚಿತ್ರ ತೆಗೀತಾವೆ ಅಷ್ಟೇ, ಎಷ್ಟು ರೆಸಲ್ಯೂಶನ್‌ನಲ್ಲಿ ಅನ್ನೋದು ಅವರ ಇಷ್ಟ.

ಈಗ ಪಿಡಿಎಫ್ ಒಳಗೆ ಎಂತ ಇರ್ತದೆ ಅಂತ ನೋಡುವ. 1993ರಲ್ಲಿ ಅಡೋಬಿ ಕಂಪನಿ ಇದನ್ನ ಹೊರಗೆ ತಂದದ್ದು, 2008ರಲ್ಲಿ ಐಎಸ್‌ಒ ಸ್ಟ್ಯಾಂಡರ್ಡ್ ಆಯ್ತು. ಪುಟ ಅಂದ್ರೆ ಅಲ್ಲಿ ಒಂದು ಚಿತ್ರ ಅಲ್ಲ, ಸೂಚನೆಗಳ ಪಟ್ಟಿ. ಈ ಅಕ್ಷರ ಇಲ್ಲಿ ಬರೀ, ಈ ಗೆರೆ ಇಲ್ಲಿಂದ ಅಲ್ಲಿಗೆ ಎಳಿ, 45ನೇ ನಂಬರಿನ ಇಮೇಜನ್ನ ಇಷ್ಟು ಅಗಲಕ್ಕೆ ಹಿಗ್ಗಿಸಿ ಈ ಮೂಲೆಯಲ್ಲಿ ಇಡು, ಹೀಗೆ. ಆ 45ನೇ ನಂಬರಿನ ಇಮೇಜ್ ಫೈಲಲ್ಲಿ ಬೇರೆ ಕಡೆ, ತನ್ನ ಪೂರ್ತಿ ಪಿಕ್ಸೆಲ್‌ಗಳ ಜೊತೆ, ಒಂದು ಗಂಟು ಕಟ್ಟಿದ ಹಾಗೆ ಕೂತಿರ್ತದೆ. ಪುಟದಲ್ಲಿ ಅದು ಸಣ್ಣದಾಗಿ ಕಂಡ್ರೂ ಒಳಗೆ ದೊಡ್ಡದಿರಬಹುದು, ದೊಡ್ಡದಾಗಿ ಕಂಡ್ರೂ ಒಳಗೆ ಸಣ್ಣದಿರಬಹುದು. ನಮಗೆ ಬೇಕಾದ್ದು ಆ ಗಂಟು.

ಗಂಟು ಕಟ್ಟುವ ರೀತಿ ನಾಲ್ಕೈದು ತರ. ಕ್ಯಾಮೆರಾ ಫೋಟೋಗಳು ಹೆಚ್ಚಾಗಿ ಜೆಪೆಗ್ ಆಗಿಯೇ ಇರ್ತಾವೆ, ಅಂದ್ರೆ ಒಂದು ಜೆಪೆಗ್ ಫೈಲಿನ ಡೇಟಾ ಪಿಡಿಎಫ್ ಹೊಟ್ಟೆಯಲ್ಲಿ ಹಾಗೇ ಇರ್ತದೆ, ಅದನ್ನ ಬೈಟಿಗೆ ಬೈಟ್ ಹೊರಗೆ ಕಾಪಿ ಮಾಡಿದ್ರೆ ಮುಗೀತು, ಒಂದು ಚೂರೂ ಕ್ವಾಲಿಟಿ ಹೋಗೋದಿಲ್ಲ. ಇನ್ನು ಕೆಲವು ಫ್ಲೇಟ್ ಅನ್ನೋ ರೀತಿಯಲ್ಲಿ, ಇದು ನಾವು ಜಿಪ್ ಮಾಡ್ತೇವಲ್ಲ ಅದೇ ವಿಧಾನ, ಪಿಕ್ಸೆಲ್‌ಗಳನ್ನ ಸುಮ್ಮನೆ ಜಿಪ್ ಮಾಡಿ ಇಟ್ಟಿರೋದು. ಇದು ಹಾಗೇ ಒಂದು ಇಮೇಜ್ ಫೈಲ್ ಅಲ್ಲ, ಹಾಗಾಗಿ ಹೊರಗೆ ತೆಗೆಯುವಾಗ ಪಿಎನ್‌ಜಿ ಅಥವಾ ಟಿಫ್ ಅಂತ ಬಟ್ಟೆ ತೊಡಿಸಬೇಕಾಗ್ತದೆ, ಇವೆರಡರಲ್ಲೂ ಏನೂ ನಷ್ಟ ಇಲ್ಲ. ಜೆಪೆಗ್ 2000 ಅಂತ ಇನ್ನೊಂದು ಜಾತಿ ಉಂಟು, ಅದು ಜೆಪೆಗ್‌ನ ತಮ್ಮ ಅಂತ ಇಟ್ಕೊಳ್ಳಿ, ಎಲ್ಲ ಮೊಬೈಲಲ್ಲೂ ಓಪನ್ ಆಗೋದಿಲ್ಲ. ಕಪ್ಪು ಬಿಳುಪು ಸ್ಕ್ಯಾನ್‌ಗಳಿಗೆ ಹಳೇ ಫ್ಯಾಕ್ಸ್ ಮಿಷಿನ್ನಿನ ವಿಧಾನ ಅಥವಾ ಜೆಬಿಗ್2 ಅನ್ನೋ ವಿಧಾನ ಬಳಸಿರ್ತಾರೆ.

ಜೆಪೆಗ್ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು, ಕ್ವಾಲಿಟಿ ಹೋಗೋದು ಹೆಚ್ಚಾಗಿ ಇಲ್ಲೇ. 1992ರ ಈ ಸ್ಟ್ಯಾಂಡರ್ಡ್ ಚಿತ್ರವನ್ನ 8ಕ್ಕೆ 8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸ್ತದೆ, ಪ್ರತಿ ಚೌಕದಲ್ಲಿ ದೊಡ್ಡ ದೊಡ್ಡ ಬದಲಾವಣೆ, ಅಂದ್ರೆ ಎಲ್ಲಿ ಬೆಳಕು ಎಲ್ಲಿ ನೆರಳು ಅನ್ನೋದನ್ನ ಜೋಪಾನ ಮಾಡಿ, ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮಗಳನ್ನ, ಕೂದಲ ಎಳೆ, ಸೀರೆ ಅಂಚಿನ ನೇಯ್ಗೆ ಇಂಥದ್ದನ್ನ, ಒರಟಾಗಿ ರೌಂಡ್ ಮಾಡಿ ಬಿಸಾಡ್ತದೆ. ಒಮ್ಮೆ ಬಿಸಾಡಿದ್ದು ವಾಪಸ್ ಬರೋದಿಲ್ಲ. ನೀವು ಆ ಜೆಪೆಗ್‌ನ ಓಪನ್ ಮಾಡಿ, ಸ್ವಲ್ಪ ಕ್ರಾಪ್ ಮಾಡಿ, ಮತ್ತೆ ಜೆಪೆಗ್ ಆಗಿ ಸೇವ್ ಮಾಡಿದ್ರೆ ಚೌಕಗಳು ಬೇರೆ ಜಾಗದಿಂದ ಶುರು ಆಗಿ ಇನ್ನೊಂದು ಸುತ್ತು ಬಿಸಾಡ್ತದೆ, ಅದನ್ನ ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿದ್ರೆ ಮತ್ತೊಂದು ಸುತ್ತು. ಹಾಗಾಗಿ ಹೊರಗೆ ತೆಗೆಯುವ ಟೂಲ್ ಜೆಪೆಗ್‌ನ ಬಿಚ್ಚಿ ಮತ್ತೆ ಜೆಪೆಗ್ ಮಾಡ್ತದಾ, ಇಲ್ಲಾ ಹಾಗೇ ಎತ್ತಿ ಕೊಡ್ತದಾ, ಇದೇ ಮುಖ್ಯ ಪ್ರಶ್ನೆ. ಜೆಪೆಗ್‌ನ ಪಿಎನ್‌ಜಿ ಮಾಡಿ ಕೊಟ್ರೆ ಹೊಸ ನಷ್ಟ ಇಲ್ಲ, ಆದ್ರೆ ಫೈಲ್ ಸುಮ್ಮನೆ ಹಲವು ಪಟ್ಟು ದಪ್ಪ ಆಗ್ತದೆ, ಹೋದದ್ದೇನೂ ಬರೋದಿಲ್ಲ.

ಹಾಗೇ ಎತ್ತಿ ಕೊಡುವ ಟೂಲ್‌ಗಳಲ್ಲಿ ನಾನು ವರ್ಷಗಳಿಂದ ನಂಬಿರೋದು ಪಿಡಿಎಫ್‌ಇಮೇಜಸ್. ಇದು ಎಕ್ಸ್‌ಪಿಡಿಎಫ್ ಅನ್ನೋ ಹಳೇ ಸಾಫ್ಟ್‌ವೇರ್ ಜೊತೆ ಬಂದದ್ದು, ಅದರಿಂದ ಕವಲೊಡೆದು 2005ರಲ್ಲಿ ಪಾಪ್ಲರ್ ಅಂತ ಪ್ರಾಜೆಕ್ಟ್ ಶುರು ಆಯ್ತು, ಅದರಲ್ಲೂ ಇದೇ ಹೆಸರಿನ ಟೂಲ್ ಉಂಟು. ದುಡ್ಡು ಕೊಡಬೇಕಿಲ್ಲ. ಉಬುಂಟುವಿನಲ್ಲಿ ಪಾಪ್ಲರ್ ಯುಟಿಲ್ಸ್ ಅನ್ನೋ ಪ್ಯಾಕೇಜ್ ಹಾಕ್ಬೇಕು, ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ಪಾಪ್ಲರ್ ಸಿಗ್ತದೆ, ವಿಂಡೋಸ್‌ಗೆ ಎಕ್ಸ್‌ಪಿಡಿಎಫ್‌ನವರೇ ಕಮಾಂಡ್ ಲೈನ್ ಟೂಲ್‌ಗಳನ್ನ ಒಂದು ಜಿಪ್ ಆಗಿ ಕೊಡ್ತಾರೆ. ಕಪ್ಪು ಸ್ಕ್ರೀನಲ್ಲಿ ಟೈಪ್ ಮಾಡೋದು ಅಂದ ಕೂಡ್ಲೆ ಹೆದರ್ಬೇಡಿ, ಎರಡೇ ಸಾಲು.

ಮೊದಲನೇ ಸಾಲು ಬರೀ ನೋಡ್ಲಿಕ್ಕೆ. ಪಿಡಿಎಫ್‌ಇಮೇಜಸ್ ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಒಂದೇ ಪದವಾಗಿ ಬರೆದು, ಜಾಗ ಬಿಟ್ಟು ಹೈಫನ್ ಹಾಕಿ ಅದಕ್ಕೆ ಅಂಟಿಸಿ ಲಿಸ್ಟ್, ಮತ್ತೆ ಜಾಗ ಬಿಟ್ಟು ನಿಮ್ಮ ಫೈಲಿನ ಹೆಸರು, ಎಂಟರ್. ಒಂದು ಪಟ್ಟಿ ಬರ್ತದೆ. ಇದನ್ನ ಯಾರೂ ನೋಡೋದಿಲ್ಲ, ಸೀದಾ ತೆಗೀಲಿಕ್ಕೆ ಹೋಗ್ತಾರೆ, ನನ್ನ ಮಟ್ಟಿಗೆ ಅರ್ಧ ಕೆಲಸ ಈ ಪಟ್ಟಿಯಲ್ಲೇ ಉಂಟು. ಪ್ರತಿ ಸಾಲೂ ಒಂದು ಇಮೇಜ್. ಎಷ್ಟನೇ ಪುಟ, ಅಗಲ ಎಷ್ಟು ಪಿಕ್ಸೆಲ್, ಎತ್ತರ ಎಷ್ಟು, ಬಣ್ಣ ಗ್ರೇಯಾ, ಸ್ಕ್ರೀನಿನ ಮೂರು ಬಣ್ಣದ ಆರ್‌ಜಿಬಿಯಾ, ಪ್ರೆಸ್ಸಿನ ನಾಲ್ಕು ಶಾಯಿಯ ಸಿಎಂವೈಕೆಯಾ, ಯಾವ ರೀತಿ ಗಂಟು ಕಟ್ಟಿದ್ದಾರೆ, ಫೈಲಲ್ಲಿ ಎಷ್ಟು ಜಾಗ ತಿಂತದೆ ಎಲ್ಲ ಬರ್ದಿರ್ತದೆ. ಎಕ್ಸ್ ಪಿಪಿಐ ಅಂತ ಒಂದು ಕಾಲಮ್ ಇರ್ತದೆ ನೋಡಿ, ಅದು ಪಾಪ್ಲರ್‌ನ ಪಟ್ಟಿಯಲ್ಲಿ ನನಗೆ ಅತ್ಯಂತ ಇಷ್ಟದ್ದು. ಪುಟದಲ್ಲಿ ಇಟ್ಟ ಅಳತೆಯಲ್ಲಿ ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಬೀಳ್ತದೆ ಅನ್ನೋದು. ನಮ್ಮ ಗ್ರೂಪ್ ಫೋಟೋಕ್ಕೆ ಅಲ್ಲಿ 300 ಇತ್ತು. ಆಫ್‌ಸೆಟ್ ಪ್ರಿಂಟಿಗೆ ಸಾಮಾನ್ಯವಾಗಿ ಕೇಳೋದು ಅದೇ 300. ಅದನ್ನ ನೋಡಿದ ಕೂಡ್ಲೆ ನನಗೆ ಜೀವ ಬಂತು.

ಎರಡನೇ ಸಾಲಲ್ಲಿ ಲಿಸ್ಟ್ ಬದಲು ಆಲ್ ಅಂತ ಹಾಕಿ, ಫೈಲಿನ ಹೆಸರಿನ ನಂತರ ಹೊರಗೆ ಬರೋ ಚಿತ್ರಗಳಿಗೆ ಯಾವ ಹೆಸರು ಬೇಕೋ ಅದನ್ನ ಕೊಡಿ. ಆಲ್ ಅಂದ್ರೆ ಜೆಪೆಗ್ ಇದ್ದದ್ದನ್ನ ಜೆಪೆಗ್ ಆಗಿಯೇ, ಜೆಪೆಗ್ 2000, ಜೆಬಿಗ್2, ಫ್ಯಾಕ್ಸ್ ವಿಧಾನದ್ದು ಇದ್ದದ್ದನ್ನೂ ಹಾಗೇ, ಉಳಿದದ್ದನ್ನ ನಷ್ಟ ಇಲ್ಲದ ಪಿಎನ್‌ಜಿ ಅಥವಾ ಟಿಫ್ ಆಗಿ ಕೊಡು ಅಂತ ಅರ್ಥ. ಇದು ಪಾಪ್ಲರ್‌ನಲ್ಲಿ ಇರೋದು, ಎಕ್ಸ್‌ಪಿಡಿಎಫ್‌ನ ಟೂಲಲ್ಲಿ ಆದ್ರೆ ಹೈಫನ್ ಜೆ ಹಾಕ್ಬೇಕು. ಏನೂ ಹಾಕದಿದ್ರೆ ಎಲ್ಲವನ್ನೂ ಪಿಪಿಎಂ, ಪಿಬಿಎಂ ಅನ್ನೋ ದೊಡ್ಡ ದೊಡ್ಡ ಫೈಲ್ ಮಾಡಿ ಡಿಸ್ಕ್ ತುಂಬಿಸ್ತದೆ. ಒಂದು ಪುಟದ್ದು ಮಾತ್ರ ಬೇಕಾದ್ರೆ ಹೈಫನ್ ಎಫ್ ಅಂತ ಶುರುವಿನ ಪುಟ, ಹೈಫನ್ ಎಲ್ ಅಂತ ಕೊನೇ ಪುಟ ಕೊಡಬಹುದು.

ಮ್ಯುಪಿಡಿಎಫ್ ಅನ್ನೋ ಇನ್ನೊಂದು ಪಿಡಿಎಫ್ ಸಾಫ್ಟ್‌ವೇರ್ ಜೊತೆ ಬರೋ ಮ್ಯುಟೂಲ್ ಕೂಡ ಒಳ್ಳೇದೇ. ಪ್ರತಿ ಪುಟದ ಮೇಲೆ ಸಂಘದ ಲಾಂಛನ ಇಮೇಜ್ ಆಗಿ ಇದ್ರೆ ಪಿಡಿಎಫ್‌ಇಮೇಜಸ್ ಅದನ್ನ ಪುಟಕ್ಕೊಂದರಂತೆ ನೂರು ಸಲ ತೆಗೆದು ಕೊಡ್ತದೆ, ಮ್ಯುಟೂಲ್ ಒಳಗಿನ ನಂಬರ್ ಪ್ರಕಾರ ಹೋಗೋದ್ರಿಂದ ಒಂದೇ ಸಲ ಕೊಡ್ತದೆ, ಜೊತೆಗೆ ಫಾಂಟುಗಳನ್ನೂ ತೆಗೆದು ಇಡ್ತದೆ. ದುಡ್ಡು ಕೊಟ್ಟು ಅಕ್ರೋಬ್ಯಾಟ್ ಪ್ರೊ ತಗೊಂಡವರಿಗೆ ಎಕ್ಸ್‌ಪೋರ್ಟ್ ಮೆನುವಲ್ಲೇ ಎಲ್ಲ ಇಮೇಜ್ ತೆಗೆಯೋ ಆಯ್ಕೆ ಉಂಟು, ಅಲ್ಲಿ ಯಾವ ಫಾರ್ಮ್ಯಾಟ್ ಅಂತ ಕೇಳ್ತದೆ, ಪಿಎನ್‌ಜಿ ಅಥವಾ ಟಿಫ್ ಆರಿಸ್ಕೊಳ್ಳಿ, ಮತ್ತೆ ಜೆಪೆಗ್ ಮಾಡ್ಲಿಕ್ಕೆ ಹೋಗ್ಬೇಡಿ. ಆನ್‌ಲೈನ್ ಸೈಟುಗಳಿಗೆ ನಾನು ಫೈಲ್ ಹಾಕೋದಿಲ್ಲ. ಸಂಚಿಕೆಗಳ ಕೊನೆಯಲ್ಲಿ ಸದಸ್ಯರ ವಿಳಾಸ, ಫೋನ್ ನಂಬರ್ ಎಲ್ಲ ಇರ್ತದೆ, ಅದನ್ನ ಗುರ್ತಿಲ್ಲದವರ ಸರ್ವರಿಗೆ ಕೊಡುವ ಹಕ್ಕು ನಮಗಿಲ್ಲ.

ಇಷ್ಟು ಮಾಡಿದ್ರೆ ಸಾದಾ ಫೋಟೋಗಳೆಲ್ಲ ಬರ್ತಾವೆ. ಆಮೇಲೆ ಫೋಲ್ಡರ್ ಓಪನ್ ಮಾಡಿದಾಗ ಕೆಲವು ವಿಚಿತ್ರಗಳು ಕಾಣ್ತಾವೆ, ಜನ ಅಲ್ಲೇ ಗಾಬರಿ ಆಗಿ ಮತ್ತೆ ಸ್ಕ್ರೀನ್‌ಶಾಟಿಗೆ ಹೋಗೋದು.

ನಮ್ಮ ಫೈಲಲ್ಲಿ ಮಾಜಿ ಅಧ್ಯಕ್ಷರೊಬ್ಬರ ಫೋಟೋ, ಹಿನ್ನೆಲೆ ಕತ್ತರಿಸಿ ತಿಳಿ ಹಳದಿ ಪುಟದ ಮೇಲೆ ಚೆಂದ ಕೂರಿಸಿದ್ದು, ಹೊರಗೆ ಬಂದಾಗ ಸುತ್ತ ಕಡು ಕಪ್ಪು, ಪಕ್ಕದಲ್ಲೇ ಅವರದ್ದೇ ಆಕಾರದ ಬಿಳಿ ನೆರಳಿನ ಇನ್ನೊಂದು ಫೈಲ್. ಹಾಳಾಗಿದ್ದಲ್ಲ ಅದು. ಪಿಡಿಎಫ್‌ನಲ್ಲಿ ಪಾರದರ್ಶಕತೆಯನ್ನ ಫೋಟೋದ ಒಳಗೇ ಇಡೋದಿಲ್ಲ, ಮಾಸ್ಕ್ ಅಂತ ಬೇರೆಯೇ ಒಂದು ಗ್ರೇ ಇಮೇಜ್ ಇಡ್ತದೆ, ಬಿಳಿ ಇದ್ದಲ್ಲಿ ತೋರಿಸು, ಕಪ್ಪು ಇದ್ದಲ್ಲಿ ಮುಚ್ಚು ಅಂತ. ಲಿಸ್ಟಲ್ಲಿ ಅದರ ಮುಂದೆ ಎಸ್‌ಮಾಸ್ಕ್ ಅಂತ ಬರ್ದಿರ್ತದೆ. ಗಿಂಪ್ ಅನ್ನೋ ಫೋಟೋ ಎಡಿಟರಲ್ಲಿ ಫೋಟೋ ಓಪನ್ ಮಾಡಿ, ಲೇಯರ್ ಮಾಸ್ಕ್ ಸೇರಿಸಿ, ಆ ಗ್ರೇ ಇಮೇಜನ್ನ ಮಾಸ್ಕ್ ಒಳಗೆ ಪೇಸ್ಟ್ ಮಾಡಿ ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿದ್ರೆ ಅಧ್ಯಕ್ಷರು ಸರಿಯಾಗಿ ಬರ್ತಾರೆ. ಎರಡರ ಪಿಕ್ಸೆಲ್ ಅಳತೆ ಬೇರೆ ಬೇರೆ ಇದ್ರೆ ಸಣ್ಣದನ್ನ ದೊಡ್ಡದರ ಅಳತೆಗೆ ಹಿಗ್ಗಿಸಿ, ದೊಡ್ಡದನ್ನ ಕುಗ್ಗಿಸ್ಬೇಡಿ.

ಇನ್ನೊಂದು, ಒಂದೇ ಫೋಟೋ ಇಪ್ಪತ್ತು ಅಡ್ಡ ಪಟ್ಟಿಗಳಾಗಿ ಬರೋದು, ಚಪಾತಿ ಕತ್ತರಿಸಿದ ಹಾಗೆ. ಪಾರದರ್ಶಕತೆ ಪಿಡಿಎಫ್‌ಗೆ ಬಂದದ್ದೇ 1.4ನೇ ಆವೃತ್ತಿಯಲ್ಲಿ, 2001ರಲ್ಲಿ. ಪ್ರೆಸ್ಸುಗಳು ಅದರ ನಂತರವೂ ತುಂಬಾ ವರ್ಷ 1.3 ಆವೃತ್ತಿಯ ಫೈಲನ್ನೇ ಕೇಳ್ತಿದ್ವು, ಆಗ ನೆರಳು ಗಿರಳು ಇದ್ದ ಪುಟಗಳನ್ನ ಸಾಫ್ಟ್‌ವೇರ್ ಚಪ್ಪಟೆ ಮಾಡುವಾಗ ಫೋಟೋಗಳನ್ನ ತುಂಡು ಮಾಡಿಬಿಡ್ತಿತ್ತು. ಇಮೇಜ್‌ಮ್ಯಾಜಿಕ್ ಅನ್ನೋ ಕಮಾಂಡ್ ಲೈನ್ ಟೂಲಲ್ಲಿ ಅಪೆಂಡ್ ಅಂತ ಒಂದು ಆಯ್ಕೆ ಉಂಟು, ಪಟ್ಟಿಗಳನ್ನ ಕ್ರಮವಾಗಿ ಒಂದರ ಕೆಳಗೊಂದು ಜೋಡಿಸ್ತದೆ. ಅಕಸ್ಮಾತ್ ತುಂಡುಗಳು ಚೌಕ ಚೌಕ ಆಗಿ ನೂರಾರು ಇದ್ದು ಜೋಡಿಸೋದು ಅಸಾಧ್ಯ ಅನಿಸಿದ್ರೆ ಮಾತ್ರ ಪುಟವನ್ನೇ ಚಿತ್ರ ಮಾಡಿ, ಅದಕ್ಕೆ ಪಾಪ್ಲರ್‌ನಲ್ಲೇ ಪಿಡಿಎಫ್‌ಟುಪಿಪಿಎಂ ಅಂತ ಟೂಲ್ ಉಂಟು. ಎಷ್ಟು ರೆಸಲ್ಯೂಶನ್ ಕೊಡ್ಬೇಕು ಅನ್ನೋದಕ್ಕೆ ಊಹೆ ಬೇಡ, ಲಿಸ್ಟಲ್ಲಿ ಎಕ್ಸ್ ಪಿಪಿಐ ಎಷ್ಟಿತ್ತೋ ಅಷ್ಟೇ ಕೊಡಿ. 300 ಇದ್ದದ್ದಕ್ಕೆ 600 ಕೊಟ್ರೆ ಫೈಲ್ ನಾಲ್ಕು ಪಟ್ಟು ಆಗ್ತದೆಯೇ ವಿನಾ ಹೊಸ ವಿವರ ಒಂದೂ ಬರೋದಿಲ್ಲ. ಸ್ಕ್ಯಾನರ್ ಆ್ಯಪ್‌ಗಳು ಮಾಡಿದ ಕೆಲವು ಪಿಡಿಎಫ್‌ಗಳಿಗೂ ಇದೇ ದಾರಿ, ಅವು ಕಾಗದದ ಬಣ್ಣವನ್ನ ಮಸುಕಾದ ಒಂದು ಪದರ, ಅಕ್ಷರಗಳನ್ನ ಚೂಪಾದ ಇನ್ನೊಂದು ಪದರ ಅಂತ ಬೇರೆ ಬೇರೆ ಇಟ್ಟಿರ್ತಾವೆ, ಬಿಡಿಸಿ ತೆಗೆದ್ರೆ ಒಂದೊಂದೇ ಪದರ ಕೈಗೆ ಬಂದು ಯಾವುದೂ ಉಪಯೋಗ ಆಗೋದಿಲ್ಲ.

ಸಿಎಂವೈಕೆ ಬಣ್ಣದ ಫೋಟೋಗಳು ಮೊಬೈಲಲ್ಲಿ ನೆಗೆಟಿವ್ ತರವೋ ವಿಪರೀತ ಹಸಿರಾಗಿಯೋ ಕಾಣಬಹುದು. ಪ್ರೆಸ್ಸಿನ ನಾಲ್ಕು ಶಾಯಿಯ ಲೆಕ್ಕವನ್ನ ಕೆಲವು ಜೆಪೆಗ್‌ಗಳಲ್ಲಿ ತಿರುಗುಮುರುಗು ಬರೆದಿರ್ತಾರೆ, ಅದನ್ನ ಸರಿ ಮಾಡೋ ಸೂಚನೆ ಪಿಡಿಎಫ್‌ನಲ್ಲಿ ಉಳ್ಕೊಂಡು ಫೋಟೋ ಒಂದೇ ಹೊರಗೆ ಬಂದಿರ್ತದೆ. ಬಣ್ಣ ಉಲ್ಟಾ ಮಾಡಿದ್ರೆ ಸರಿ ಆಗ್ತದೆ. ಮತ್ತೆ ಪ್ರಿಂಟಿಗೇ ಹೋಗೋದಾದ್ರೆ ಅದನ್ನ ಆರ್‌ಜಿಬಿ ಮಾಡ್ಲಿಕ್ಕೆ ಹೋಗ್ಬೇಡಿ, ಪ್ರೆಸ್ಸಿನವರು ಮತ್ತೆ ಸಿಎಂವೈಕೆ ಮಾಡ್ತಾರೆ, ಎರಡು ಸಲ ಬಣ್ಣ ಬದಲಾದ್ರೆ ಕುಂಕುಮದ ಕೆಂಪು ಇಟ್ಟಿಗೆ ಬಣ್ಣಕ್ಕೆ ಬರ್ತದೆ. ಫೋಟೋ ಅಡ್ಡ ಮಲಗಿದ್ರೆ ಅಥವಾ ತಲೆಕೆಳಗಾಗಿದ್ರೆ ಅದೂ ದೋಷ ಅಲ್ಲ, ತಿರುಗಿಸು ಅನ್ನೋ ಸೂಚನೆ ಪುಟದಲ್ಲಿ ಇತ್ತು ಅಷ್ಟೇ. ಜೆಪೆಗ್‌ನ ತಿರುಗಿಸ್ಲಿಕ್ಕೆ ವಿಂಡೋಸಲ್ಲಿ ಇರ್ಫಾನ್‌ವ್ಯೂನ ಲಾಸ್‌ಲೆಸ್ ರೊಟೇಶನ್ ಬಳಸಿ, ಚೌಕಗಳನ್ನ ಬಿಚ್ಚದೆ ಹಾಗೇ ತಿರುಗಿಸ್ತದೆ.

ಲಾಂಛನ ಮಾತ್ರ ಬರ್ಲೇ ಇಲ್ಲ ಅಂತ ಹೇಳೋರು ತುಂಬಾ ಜನ. ಬರೋದಿಲ್ಲ, ಯಾಕಂದ್ರೆ ಕೋರೆಲ್‌ಡ್ರಾದಲ್ಲಿ ಮಾಡಿದ ಲಾಂಛನ, ಎಕ್ಸೆಲ್‌ನ ಗ್ರಾಫ್ ಇವೆಲ್ಲ ಇಮೇಜ್ ಅಲ್ಲವೇ ಅಲ್ಲ, ಗೆರೆ ಎಳೆಯುವ ಸೂಚನೆಗಳು, ವೆಕ್ಟರ್ ಅಂತೇವೆ. ಇದು ಫೋಟೋಕ್ಕಿಂತ ಒಳ್ಳೇ ಸುದ್ದಿ, ಎಷ್ಟು ದೊಡ್ಡ ಬ್ಯಾನರ್‌ಗೆ ಹಿಗ್ಗಿಸಿದ್ರೂ ಒಡೆಯೋದಿಲ್ಲ. ಪಿಡಿಎಫ್‌ನ ಆ ಪುಟವನ್ನ ಇಂಕ್‌ಸ್ಕೇಪ್ ಅನ್ನೋ ವೆಕ್ಟರ್ ಸಾಫ್ಟ್‌ವೇರಲ್ಲಿ ಓಪನ್ ಮಾಡಿ, ಲಾಂಛನ ಮಾತ್ರ ಆರಿಸಿ ಎಸ್‌ವಿಜಿ ಆಗಿ ಸೇವ್ ಮಾಡಿ. ಓಪನ್ ಮಾಡುವಾಗ ಪಾಪ್ಲರ್ ಇಂಪೋರ್ಟ್ ಅಂತ ಆಯ್ಕೆ ಕೇಳಿದ್ರೆ ಅದನ್ನೇ ಆರಿಸಿ, ಲಾಂಛನದಲ್ಲಿರೋ ಕನ್ನಡ ಅಕ್ಷರಗಳು ಆಕಾರಗಳಾಗಿ ಬರ್ತಾವೆ, ಇಲ್ಲದಿದ್ರೆ ಹಳೇ ಫಾಂಟ್ ನಿಮ್ಮ ಕಂಪ್ಯೂಟರಲ್ಲಿ ಇಲ್ಲದೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗ್ತದೆ.

ಕಪ್ಪು ಬಿಳುಪು ಸ್ಕ್ಯಾನ್‌ಗಳ ಜೆಬಿಗ್2 ಬಗ್ಗೆ ಒಂದು ಮಾತು. 2013ರಲ್ಲಿ ಡೇವಿಡ್ ಕ್ರೀಸೆಲ್ ಅನ್ನೋ ಜರ್ಮನ್ ಕಂಪ್ಯೂಟರ್ ವಿಜ್ಞಾನಿ ಒಂದು ಕಟ್ಟಡದ ನಕ್ಷೆಯನ್ನ ಜೆರಾಕ್ಸ್ ವರ್ಕ್‌ಸೆಂಟರ್ ಮಿಷಿನ್ನಲ್ಲಿ ಸ್ಕ್ಯಾನ್ ಮಾಡಿದಾಗ ಕೋಣೆಗಳ ಅಳತೆಯ ಅಂಕಿಗಳೇ ಬದಲಾಗಿ ಬಂದದ್ದನ್ನ ಕಂಡುಹಿಡಿದ್ರು. ಬೇರೆ ಕಡೆ 6 ಇದ್ದದ್ದು 8 ಆಗಿತ್ತು. ಕಾರಣ ಏನಂದ್ರೆ ಈ ವಿಧಾನ ಪುಟದಲ್ಲಿ ಒಂದೇ ತರ ಕಾಣೋ ತುಣುಕುಗಳನ್ನ ಹುಡುಕಿ, ಒಂದನ್ನ ಇಟ್ಕೊಂಡು ಉಳಿದ ಕಡೆಯೂ ಅದನ್ನೇ ಅಂಟಿಸ್ತದೆ, ಸಣ್ಣ ಅಕ್ಷರದಲ್ಲಿ 6 ಮತ್ತು 8 ಅದಕ್ಕೆ ಒಂದೇ ತರ ಕಂಡವು. ಮಸುಕಾಗಿದ್ರೆ ನಮಗೆ ಅನುಮಾನ ಬರ್ತದೆ, ಇಲ್ಲಿ ಅಂಕಿ ಚೂಪಾಗಿ ಸ್ಪಷ್ಟವಾಗಿ ತಪ್ಪಾಗಿತ್ತು. ಹಳೇ ಲೆಕ್ಕಪತ್ರ, ಸೊಸೈಟಿ ಕಾಗದ ಇಂಥದ್ದನ್ನ ಸ್ಕ್ಯಾನ್ ಮಾಡೋರು ಲಿಸ್ಟಲ್ಲಿ ಜೆಬಿಗ್2 ಅಂತ ಕಂಡ್ರೆ ಅಂಕಿಗಳನ್ನ ಮೂಲದ ಜೊತೆ ಒಮ್ಮೆ ತಾಳೆ ನೋಡ್ಕೊಳ್ಳಿ.

ಇದೇ ಕಾರಣಕ್ಕೆ ಎಐ ಹಾಕಿ ಫೋಟೋ ದೊಡ್ಡದು ಮಾಡೋದನ್ನ ನಾನು ಹಿರಿಯರ ಫೋಟೋಗಳಿಗೆ ಒಪ್ಪೋದಿಲ್ಲ. ಪಿಡಿಎಫ್‌ನಲ್ಲೇ ಫೋಟೋ ಸಣ್ಣದಿದ್ರೆ, ಅಂದ್ರೆ ಯಾರೋ ಇಮೇಲಿಗೆ ಅಂತ ಕಂಪ್ರೆಸ್ ಮಾಡಿ ಕಳಿಸಿದ ಫೈಲ್ ಆಗಿದ್ರೆ, ಯಾವ ಟೂಲೂ ಹೋದ ಪಿಕ್ಸೆಲ್ ತರೋದಿಲ್ಲ. ಪಿಡಿಎಫ್ ಸಣ್ಣದು ಮಾಡ್ಲಿಕ್ಕೆ ಬಳಸೋ ಘೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಸ್ಕ್ರೀನ್ ಅನ್ನೋ ಸೆಟ್ಟಿಂಗ್ ಇಟ್ರೆ ಫೋಟೋಗಳನ್ನ ಇಂಚಿಗೆ 72ಕ್ಕೆ ಇಳಿಸ್ತದೆ, ಇಬುಕ್ ಇಟ್ರೆ 150, ಪ್ರಿಂಟರ್ ಇಟ್ರೆ 300. 300 ಇದ್ದದ್ದು 72ಕ್ಕೆ ಬಂದ್ರೆ ಚುಕ್ಕಿಗಳಲ್ಲಿ ಹದಿನೇಳರಲ್ಲಿ ಒಂದು ಪಾಲು ಉಳೀತದೆ. ಎಐ ಅಲ್ಲಿ ಹೊಸ ಕಣ್ಣು, ಹೊಸ ಹಲ್ಲು ಬಿಡಿಸಿ ಕೊಡ್ತದೆ, ಚೆಂದವೂ ಇರ್ತದೆ, ಆದ್ರೆ ಅದು ನಮ್ಮ ದೊಡ್ಡಪ್ಪ ಅಲ್ಲ, ಅವರ ಹಾಗೆ ಕಾಣೋ ಬೇರೆ ಯಾರೋ. ಲಿಸ್ಟಲ್ಲಿ 72 ಕಂಡ್ರೆ ನನ್ನ ಸಲಹೆ, ಟೂಲ್ ಬದಲಾಯಿಸೋದು ಬಿಟ್ಟು ಫೈಲ್ ಬದಲಾಯಿಸಿ. ಪ್ರೆಸ್ಸಿಗೆ ಹೋದ ಪಿಡಿಎಫ್ ಯಾರ ಹತ್ರ ಉಂಟು ಅಂತ ನಾಲ್ಕು ಜನರಿಗೆ ಫೋನ್ ಮಾಡಿ. ವರ್ಡ್ ಫೈಲ್ ಸಿಕ್ರಂತೂ ಅದೃಷ್ಟ, ಡಾಕ್ಸ್ ಫೈಲಿನ ಕೊನೆಯ ಹೆಸರನ್ನ ಜಿಪ್ ಅಂತ ಬದಲಾಯಿಸಿ ಬಿಚ್ಚಿದ್ರೆ ವರ್ಡ್ ಅನ್ನೋ ಫೋಲ್ಡರ್ ಒಳಗೆ ಮೀಡಿಯಾ ಅಂತ ಇರ್ತದೆ, ಫೋಟೋಗಳೆಲ್ಲ ಅಲ್ಲೇ ಕೂತಿರ್ತಾವೆ.

ಹೊರಗೆ ತೆಗೆದ ಮೇಲೆ ಕಳಿಸೋದ್ರಲ್ಲೂ ಜೋಪಾನ. ನಾನು ಅಷ್ಟೆಲ್ಲ ಕಷ್ಟಪಟ್ಟು ತೆಗೆದದ್ದನ್ನ ಸಮಿತಿಯವರೊಬ್ಬರು ವಾಟ್ಸಾಪಲ್ಲಿ ಫೋಟೋ ಆಗಿ ಹುಡುಗನಿಗೆ ಫಾರ್ವರ್ಡ್ ಮಾಡ್ಲಿಕ್ಕೆ ಹೊರಟಿದ್ರು, ತಡೆದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದ್ರೆ ಫೈಲ್ ಇದ್ದ ಹಾಗೇ ಹೋಗ್ತದೆ.

ಇನ್ನೊಂದು ಮುಖ್ಯ ವಿಷಯ ಕ್ರಾಪ್ ಬಗ್ಗೆ. ಫ್ರೇಮ್ ಹಾಕುವಾಗ ಫೋಟೋದ ಅಂಚನ್ನ ಮೌಂಟ್ ಬೋರ್ಡ್ ಮುಚ್ತದಲ್ಲ, ಪಿಡಿಎಫ್‌ನಲ್ಲೂ ಹಾಗೇ. ಲೇಔಟಲ್ಲಿ ಕ್ರಾಪ್ ಮಾಡಿದ್ರೂ ಎಷ್ಟೋ ಸಲ ಪೂರ್ತಿ ಫೋಟೋ ಒಳಗೇ ಇರ್ತದೆ, ಇಷ್ಟು ಭಾಗ ಮಾತ್ರ ತೋರಿಸು ಅಂತ ಸೂಚನೆ ಇರ್ತದೆ ಅಷ್ಟೇ. ಮೇಲೆ ಕಪ್ಪು ಡಬ್ಬಿ ಎಳೆದು ಮುಚ್ಚಿದ್ರೂ ಅಷ್ಟೇ, ಕೆಳಗಿನ ಚಿತ್ರ ಹಾಗೇ ಇರ್ತದೆ. ನಿಮ್ಮ ಆಧಾರ್ ಕಾರ್ಡಿನ ನಂಬರ್ ಮೇಲೆ ಕಪ್ಪು ಚೌಕ ಇಟ್ಟು ಪಿಡಿಎಫ್ ಮಾಡಿ ಯಾರಿಗಾದ್ರೂ ಕಳಿಸಿದ್ರೆ ಇದೇ ಎರಡು ಸಾಲಲ್ಲಿ ಅವರು ಪೂರ್ತಿ ಕಾರ್ಡ್ ಹೊರಗೆ ತೆಗೀಬಹುದು. ಮುಚ್ಚಬೇಕಾದ್ದನ್ನ ಮೊದಲು ಇಮೇಜಲ್ಲೇ ಅಳಿಸಿ, ಸೇವ್ ಮಾಡಿ, ಆಮೇಲೆ ಪಿಡಿಎಫ್ ಮಾಡಿ.

ನಮಗೆ ಮಾತ್ರ ಈ ಕ್ರಾಪ್ ಒಂದು ಉಪಕಾರ ಮಾಡ್ತು. 2003ರ ಸಂಚಿಕೆಯ ಪುಟದಲ್ಲಿ ಆ ಗ್ರೂಪ್ ಫೋಟೋದಲ್ಲಿ 14 ಜನ ಇದ್ದಾರೆ, ಎಲ್ಲರ ಹೆಸರೂ ಕೆಳಗೆ ಉಂಟು. ಪಿಡಿಎಫ್‌ನಿಂದ ಹೊರಗೆ ಬಂದ ಫೋಟೋದಲ್ಲಿ 15 ಜನ. ಎಡಗಡೆ ತುದಿಯಲ್ಲಿ, ಸಾಲಿಂದ ಸ್ವಲ್ಪ ದೂರ, ಕೈಯಲ್ಲಿ ಬೀಗದ ಗೊಂಚಲು ಹಿಡ್ಕೊಂಡು ಒಬ್ಬರು ನಿಂತಿದ್ದಾರೆ, ಪುಟದ ಅಳತೆಗೆ ಕೂರಿಸುವಾಗ ಅವರ ಮೇಲೆ ಅಂಚು ಬಿದ್ದಿತ್ತು. ಎರಡನೇ ಪ್ರೂಫ್ ತಗೊಂಡು ದೊಡ್ಡಮ್ಮನ ಹತ್ರ ಹೋದೆ. ಎರಡನೇ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತ್ರು, ಆಮೇಲೆ ಬೆರಳು ಎಡಕ್ಕೆ ಹೋಯ್ತು. "ಇವ್ರು ರಾತ್ರಿ ಹತ್ತೂವರೆಗೆ ಕ್ಲಾಸು ಮುಗಿದ ಮೇಲೆ ಬಾಗ್ಲು ಹಾಕ್ತಿದ್ದವ್ರು ಮಗಾ, ಕೊನೇ ಲೋಕಲ್ ತಪ್ಪಿದವ್ರಿಗೆ ಬೆಂಚಿನ ಮೇಲೆ ಮಲಗ್ಲಿಕ್ಕೆ ಬಿಡ್ತಿದ್ರಂತೆ, ನಿನ್ನ ದೊಡ್ಡಪ್ಪ ಯಾವಾಗ್ಲೂ ಹೇಳ್ತಿದ್ರು" ಅಂದ್ರು. ಹೆಸರು ಅವರಿಗೂ ನೆನಪಾಗ್ಲಿಲ್ಲ. ಮಾಟುಂಗಾದಲ್ಲಿರೋ ಹಳೇ ವಿದ್ಯಾರ್ಥಿಗಳಿಬ್ಬರಿಗೆ ಫೋಟೋ ಕಳಿಸಿದ್ದೇನೆ, ಡಾಕ್ಯುಮೆಂಟ್ ಆಗಿ. ಪ್ರೆಸ್ಸಿಗೆ ಹೇಳಿ ಹನ್ನೆರಡನೇ ಪುಟವನ್ನ ಶುಕ್ರವಾರದವರೆಗೆ ತಡೆದು ಇಟ್ಟಿದ್ದೇವೆ.